ಬಾಗಿಲ ಹೊರಗಿನ ಮೆಟ್ಟಿಲು

ಪ್ರಾರ್ಥನಾ ಮಂದಿರದಲ್ಲಿ ನೆಂಟರು ಜಮಖಾನೆ ಹಾಸುತ್ತಿದ್ದರು. ಮೂಲೆಯಲ್ಲಿ ಕೂತ ತಾಯಿಯ ಕೈಗೆ ಯಾರೋ ಕಾಫಿ ಲೋಟ ಕೊಟ್ಟಿದ್ದರು. ಅದು ಆರಿ ಕೆನೆಗಟ್ಟಿತ್ತು. ಕಟ್ಟಡದ ಕೆಲಸದಲ್ಲಿ ಮಗ ಮೇಲಿಂದ ಬಿದ್ದು ಸತ್ತ ದಿನದಿಂದ ಅವಳು ಅತ್ತಿರಲಿಲ್ಲ. ಏಳು ಎಂದರೆ ಏಳುತ್ತಿದ್ದಳು, ಉಣ್ಣು ಎಂದರೆ ಉಣ್ಣುತ್ತಿದ್ದಳು.

ಬಾಗಿಲಲ್ಲಿ ಅವಳ ಅಣ್ಣನ ದನಿ ಏರಿತು. ಎದುರಿಗೆ ನಿಂತಿದ್ದವನು ಮಗನ ಜೊತೆಗಿದ್ದ ವೆಲ್ಡರ್. ಮೈಬಣ್ಣ ಬೇರೆ, ಜನಾಂಗ ಬೇರೆ, ದೇವರೂ ಬೇರೆ. ಆಂಬುಲೆನ್ಸ್ ಬರುವವರೆಗೆ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಅವನೇ.

"ಇದು ನಮ್ಮವರಷ್ಟೇ ಸೇರೋ ಪ್ರಾರ್ಥನೆ ಕಣಯ್ಯ. ತಪ್ಪು ತಿಳ್ಕೋಬೇಡ."

"ಹಿಂದೆ ನಿಂತ್ಕೋತೀನಿ ಸರ್. ತುಟಿಪಿಟಕ್ ಅನ್ನಲ್ಲ."

ತಾಯಿ ಎದ್ದು ಬಂದಳು. "ಒಳಗೆ ಬಿಡಣ್ಣ."

"ನಾಳೆ ನಿನ್ನ ಮಗಳ ಮದುವೆಗೆ ಇದೇ ಜನ ಬರಬೇಕು. ಆಡಿಕೊಳ್ಳೋರ ಬಾಯಿಗೆ ನಾನೇ ಸಿಗೋದು." ಆಸ್ಪತ್ರೆಯಿಂದ ಮಣ್ಣು ಮಾಡುವವರೆಗೆ ಎಲ್ಲಕ್ಕೂ ಓಡಾಡಿದ್ದವನು ಅಣ್ಣನೇ. ಕಣ್ಣುಗಳು ಕೆಂಪಾಗಿದ್ದವು.

ಅವಳು ಪ್ರಾರ್ಥನೆ ನಡೆಸಲು ಬಂದಿದ್ದ ಗುರುಗಳ ಕಡೆ ತಿರುಗಿದಳು. ಮಗಳ ಶಾಲೆಯಿಂದ ಹಿಡಿದು ತೀರಿಹೋದ ಗಂಡನ ಆಪರೇಷನ್‌ವರೆಗೆ ಅವರನ್ನು ಕೇಳದೆ ಒಂದು ಹೆಜ್ಜೆ ಇಟ್ಟವಳಲ್ಲ. ಅವರು ಕನ್ನಡಕ ಒರೆಸಿಕೊಂಡರು.

"ಗ್ರಂಥದಲ್ಲಿ ಬೇಡ ಅಂತೇನಿಲ್ಲಮ್ಮ. ಆದ್ರೆ ರೂಢಿ ಇಲ್ಲ. ಹಿರಿಯರು ಒಪ್ಪಿದ್ರೆ ನಂದೇನೂ ಅಡ್ಡಿಯಿಲ್ಲ."

ಹಿರಿಯರು ಗುರುಗಳ ಮುಖ ನೋಡಿದರು.

ಅವಳಿಗೆ ಸಿಟ್ಟೂ ಬರಲಿಲ್ಲ. ಇನ್ನು ಕೇಳುವುದಕ್ಕೆ ಯಾರೂ ಉಳಿದಿಲ್ಲ ಅನಿಸಿತು, ಅಷ್ಟೇ. ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ಕೂತಳು. ವೆಲ್ಡರ್ ಒಂದು ಮೆಟ್ಟಿಲು ಕೆಳಗೆ ಕೂತ.

"ಅವನು ಏನಾದ್ರೂ ಅಂದ್ನೇನಪ್ಪ?"

"ಶೂ ಎಲ್ಲಿ ಅಂದ, ಅಮ್ಮ. ಒಂದು ಕಾಲಿಂದು ಕಳಚಿ ಬಿದ್ದಿತ್ತು."

"ಸಿಕ್ತಾ?"

"ಪಕ್ಕದಲ್ಲೇ ಇತ್ತು. ಹಾಕ್ದೆ. ಹಾಕಿದೀನಿ ಕಣೋ ಅಂದೆ. ಹ್ಞೂಂ ಅಂದ."

ಅವಳು ತಲೆಯಾಡಿಸಿದಳು. ಆಸ್ಪತ್ರೆಯಲ್ಲಿ ಅಷ್ಟು ಜನ ಏನೇನೋ ಹೇಳಿದ್ದರು. ಇದನ್ನು ಯಾರೂ ಹೇಳಿರಲಿಲ್ಲ.

ಒಳಗೆ ಗುಸುಗುಸು. ಹೆತ್ತವಳಿಲ್ಲದೆ ಪ್ರಾರ್ಥನೆ ಶುರುವಾಗುವಂತಿರಲಿಲ್ಲ. ಗಂಟಲು ಸರಿಮಾಡಿಕೊಂಡವರಿದ್ದರು, ಗಡಿಯಾರ ನೋಡಿದವರಿದ್ದರು; ಹೊರಗೆ ಬಂದವರಿಲ್ಲ. ಕೊನೆಗೆ ಅಣ್ಣ ಬಂದ. ವೆಲ್ಡರ್‌ನ ಸುಟ್ಟ ಕಲೆಗಳ ಕೈಗಳನ್ನು ನೋಡುತ್ತ ನಿಂತ. ಸೋದರಳಿಯನ ತಲೆಯನ್ನು ಕಡೆಯದಾಗಿ ಹಿಡಿದಿದ್ದ ಕೈಗಳು.

"ಕಲ್ಲು ತಣ್ಣಗಿದೆ," ಎಂದ. "ಬನ್ನಿ ಒಳಗೆ."

ಹುಟ್ಟಿದಾಗಿನಿಂದ ತಂಗಿಯನ್ನು 'ಬಾ' ಎಂದೇ ಕರೆದವನು ಅವನು. ಆ 'ಬನ್ನಿ' ಇಬ್ಬರಿಗೂ ಸೇರಿತ್ತು.

ಏಳಹೋದವಳಿಗೆ ಕಾಲು ಜೋಮು ಹಿಡಿದಿತ್ತು. ವೆಲ್ಡರ್ ಕೈ ಚಾಚಿದ, ಮರುಕ್ಷಣ ಅಷ್ಟೂ ಜನ ನೋಡುತ್ತಿರುವುದು ಕಂಡು ಹಿಂದಕ್ಕೆಳೆದುಕೊಂಡ. ಅವಳು ಆ ಕೈಯನ್ನು ಹಿಡಿದು ಎದ್ದಳು. ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತ ಮೇಲೂ ಬಿಡಲಿಲ್ಲ.