ಪರದೆಯ ಮೇಲಿನ ಏಳು

ಆ ಅರಿವಳಿಕೆ ಡಾಕ್ಟರನ್ನು ಆಪರೇಷನ್ ಥಿಯೇಟರಿನವರೆಲ್ಲ ಬೆನ್ನ ಹಿಂದೆ ಲೆಕ್ಕದ ಮೇಷ್ಟ್ರು ಎನ್ನುತ್ತಿದ್ದರು. ಪರದೆಯ ಮೇಲೆ ಒಂದು ಅಂಕಿ ಕಂಡರೆ ಸಾಕು, ರೋಗಿಯ ಮುಖ ನೋಡುವುದೂ ಅವರಿಗೆ ಮರೆತುಹೋಗುತ್ತಿತ್ತು. ಈ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಜಾರು ಮಾಡಿಕೊಳ್ಳುವುದಿರಲಿ, ಒಳಗೊಳಗೇ ಹಿಗ್ಗಿದ್ದರು ಮಹಾನುಭಾವರು.

ಆ ದಿನ ಬೆಳಿಗ್ಗೆ ಮೇಜಿನ ಮೇಲಿದ್ದವನು ಒಬ್ಬ ಬಡಗಿ, ಕರುಳಿನ ಗಡ್ಡೆ ತೆಗೆಸಿಕೊಳ್ಳಲು ಬಂದವನು. ಮತ್ತಿನಲ್ಲಿರುವವನು ಬಾಯಾರಿಕೆ ಅಂತ ಬಾಯಿಬಿಟ್ಟು ಹೇಳಲಾರ. ಅವನ ಉಸಿರನ್ನೂ ಯಂತ್ರವೇ ಆಡಿಸುತ್ತಿರುತ್ತದೆ. ಯಂತ್ರ ಗಾಳಿ ಒತ್ತಿದಾಗಲೆಲ್ಲ ರಕ್ತದೊತ್ತಡದ ಅಲೆ ಹಿಗ್ಗಿ ಕುಗ್ಗುತ್ತದೆ. ಆ ಏರಿಳಿತ ಶೇಕಡಾ ಎಷ್ಟೆಂದು ಪರದೆಯ ಮೇಲೆ ಅಂಕಿಯಾಗಿ ಮೂಡುತ್ತದೆ. ಅದು ಹೆಚ್ಚಿದ್ದರೆ ಡ್ರಿಪ್ ಏರಿಸಿ ಪ್ರಯೋಜನವುಂಟು, ಕಡಿಮೆಯಿದ್ದರೆ ಇಲ್ಲ. ಹದಿಮೂರು ದಾಟಿದರೆ ಕೊಡು, ಒಂಬತ್ತರ ಕೆಳಗಿದ್ದರೆ ಬಿಡು ಎಂದು ಮೇಷ್ಟ್ರು ಕಿರಿಯ ಡಾಕ್ಟರುಗಳಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು.

ಗಡ್ಡೆ ಬಿಡಿಸುವ ಹೊತ್ತಿಗೆ ಬಡಗಿಯ ರಕ್ತದೊತ್ತಡ ಇಳಿಯತೊಡಗಿತು. ಪರದೆಯ ಮೇಲೆ ಏರಿಳಿತದ ಅಂಕಿ ಏಳು ಎಂದಿತ್ತು.

"ಡ್ರಿಪ್ ಬೇಡ. ಒತ್ತಡ ಏರಿಸೋ ಔಷಧಿ ಕೊಡಿ," ಎಂದರು ಮೇಷ್ಟ್ರು.

ಪಕ್ಕದಲ್ಲಿ ಹಿರಿಯ ನರ್ಸ್ ಇದ್ದರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು. "ಸರ್, ಶ್ವಾಸಕೋಶಕ್ಕೆ ಪೆಟ್ಟಾಗಬಾರದು ಅಂತ ಉಸಿರು ಚಿಕ್ಕದಾಗಿ ಇಟ್ಟಿದೀರಲ್ಲ," ಎಂದರು ಮೆಲ್ಲಗೆ. "ಅಷ್ಟು ಚಿಕ್ಕ ಉಸಿರಿಗೆ ಅಲೆ ಸರಿಯಾಗಿ ಅಲ್ಲಾಡೋದೇ ಇಲ್ಲ. ಒಂದು ನಿಮಿಷ ದೊಡ್ಡದು ಮಾಡಿ ನೋಡೋಣ್ವಾ?"

ಮಾತು ಸರಿಯಿತ್ತು. ಸರಿಯಿದ್ದದ್ದಕ್ಕೇ ಚುಚ್ಚಿತು. ಸರ್ಜನ್ನರೂ ಇಬ್ಬರು ಕಿರಿಯರೂ ಕೇಳಿಸಿಕೊಂಡಿದ್ದರು.

"ಪಾಠ ಮಾಡೋಕೆ ನಾನಿದೀನಿ ಅಕ್ಕ. ನೀವು ಸಿರಿಂಜ್ ತುಂಬಿಕೊಡಿ, ಸಾಕು."

ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಸಿರಿಂಜ್ ತುಂಬಿಕೊಟ್ಟರು.

ಎರಡು ಗಂಟೆ ಹೊತ್ತು ಮೇಷ್ಟ್ರು ಔಷಧಿ ಏರಿಸುತ್ತಲೇ ಹೋದರು. ಮೂತ್ರದ ಚೀಲಕ್ಕೆ ಹನಿ ಬೀಳುವುದೂ ನಿಂತಿತು. ಅಕ್ಕ ಚಹಾಕ್ಕೆಂದು ಹೊರಗೆ ಹೋದಾಗ ಮೇಷ್ಟ್ರು ಕಳ್ಳನ ಹಾಗೆ ಅತ್ತಿತ್ತ ನೋಡಿ ಯಂತ್ರದ ಉಸಿರನ್ನು ದೊಡ್ಡದು ಮಾಡಿದರು. ಒಂದೇ ನಿಮಿಷದಲ್ಲಿ ಏಳು ಇದ್ದದ್ದು ಹದಿನಾರಾಯಿತು. ಅವರ ಕಿವಿಯೆಲ್ಲ ಬಿಸಿಯೇರಿತು. ಉಸಿರನ್ನು ಮೊದಲಿನಂತೆ ಇಳಿಸಿ ಡ್ರಿಪ್ ಬಿಟ್ಟರು. ಬಡಗಿಯ ಒತ್ತಡ ಚೇತರಿಸಿಕೊಂಡಿತು. ವಾಪಸು ಬಂದ ಅಕ್ಕ ಅರ್ಧ ಖಾಲಿಯಾದ ಡ್ರಿಪ್ ನೋಡಿದರು, ಮೇಷ್ಟ್ರನ್ನು ನೋಡಿದರು, ತಮ್ಮ ಕೆಲಸಕ್ಕೆ ತಿರುಗಿದರು. ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಮೇಷ್ಟ್ರಿಗೆ.

ಮೂರನೆಯ ದಿನ ಬಡಗಿಯ ಮುಖ, ಕಾಲು ಊದಿಕೊಂಡಿದ್ದವು. ಆ ಎರಡು ಗಂಟೆಯಲ್ಲಿ ನೀರಿಲ್ಲದೆ ಸೊರಗಿದ ಮೂತ್ರಪಿಂಡ ಇನ್ನೂ ಕೆಲಸಕ್ಕೆ ಮರಳಿರಲಿಲ್ಲ. ಮೇಷ್ಟ್ರು ನೋಡಲು ಬಂದಾಗ ಮಂಚದ ಪಕ್ಕ ಅವನ ಹೆಂಡತಿ ಕೂತಿದ್ದಳು. ನೋಡಿಕೊಂಡು ಹೋಗಲು ಬಂದಿದ್ದ ಅಕ್ಕನೂ ಅಲ್ಲೇ ನಿಂತಿದ್ದರು.

"ಹೀಗ್ಯಾಕಾಯ್ತು ಡಾಕ್ಟ್ರೇ?" ಎಂದಳು ಹೆಂಡತಿ.

"ಅವರ ಮೈಯಲ್ಲಿ ಮೊದಲೇ ನೀರು ಕಮ್ಮಿ ಇತ್ತಮ್ಮ. ಹೀಗೆಲ್ಲ ಆಗುತ್ತೆ." ಮಾತು ನಾಲಿಗೆಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ ಅವರಿಗೇ ಅಸಹ್ಯವಾಯಿತು.

ಆಕೆ ಗಂಡನ ಕಡೆ ತಿರುಗಿದಳು. "ಹಂಗಾದ್ರೆ ಇದು ನನ್ನಿಂದಾನೇ ಆಗಿದ್ದು. ಆವತ್ತು ಬೆಳಿಗ್ಗೆ ಒಂದು ಗುಟುಕು ನೀರು ಕೊಡೇ ಅಂದ್ರು. ಕೊಡಬಹುದು ಅಂತ ಇಲ್ಲಿನವರು ಹೇಳಿದ್ರೂ ಹೆದರಿಕೊಂಡು ಲೋಟ ಕಸ್ಕೊಂಡೆ." ಗಂಡನ ಊದಿದ ಪಾದವನ್ನು ಸವರುತ್ತ ಅಳತೊಡಗಿದಳು.

ಬಾಯಿ ಮುಚ್ಚಿಕೊಂಡಿದ್ದರೆ ಮೇಷ್ಟ್ರು ಬಚಾವು. ಆಕೆ ಮಾತ್ರ ಆ ಲೋಟವನ್ನು ಬದುಕಿರುವಷ್ಟು ಕಾಲ ನೆನೆದು ಕೊರಗುತ್ತಾಳೆ. ಅಕ್ಕ ನೆಲ ನೋಡುತ್ತಿದ್ದರು. ಇಷ್ಟು ನಾಚಿಕೆ ಮೇಷ್ಟ್ರಿಗೆ ಜನ್ಮದಲ್ಲಿ ಆಗಿರಲಿಲ್ಲ.

"ಇಲ್ಲಮ್ಮ, ನಿಮ್ಮ ತಪ್ಪಲ್ಲ. ನಂದು," ಎಂದರು. "ಆಪರೇಷನ್ ನಡೀತಿದ್ದಾಗ ಡ್ರಿಪ್ ಬೇಕಾಗಿತ್ತು. ಬೇಡ ಅಂದೆ. ಬೇಕೋ ಬೇಡ್ವೋ ಒಂದು ನಿಮಿಷ ಪರೀಕ್ಷೆ ಮಾಡೋಣ ಅಂತ ಈ ಅಕ್ಕ ಹೇಳಿದ್ರು. ಎಲ್ಲರೆದುರು ಅವರ ಬಾಯಿ ಮುಚ್ಚಿಸಿದೆ. ಮೂತ್ರಪಿಂಡ ಸರಿಹೋಗಬಹುದು. ಹೋಗದೇನೂ ಇರಬಹುದು."

ಆಕೆ ಕಣ್ಣೊರೆಸಿಕೊಂಡು ಒಮ್ಮೆ ಅಕ್ಕನನ್ನು, ಒಮ್ಮೆ ಮೇಷ್ಟ್ರನ್ನು ನೋಡಿದಳು. ದನಿ ಏರಿಸಲಿಲ್ಲ.

"ಒಂದು ನಿಮಿಷದ ಕೆಲಸ ಅಲ್ವಾ ಡಾಕ್ಟ್ರೇ?"

"ಹೌದಮ್ಮ," ಎಂದರು ಮೇಷ್ಟ್ರು. "ಒಂದೇ ನಿಮಿಷ."