ತಿಯೂರ್ಮಾ ಕೊಟ್ಟ ಹೇಳಿಕೆ

ತೋಬಾ ಸರೋವರದ ಮೇಲೆ ಬಿಸಿಲೇರುವ ಹೊತ್ತಿಗೆ ತಿಯೂರ್ಮಾ ಅಂಗಳದಲ್ಲಿ ಈರುಳ್ಳಿ ಹರವುತ್ತಿದ್ದಳು. ಮಗಳು ರೊಸಿಂತಾ ಜಗಲಿಯಲ್ಲಿ ಮಗ್ಗದ ಮುಂದೆ ಕೂತಿದ್ದಳು. ದಿನವೂ ಗುನುಗುತ್ತ ನೇಯುವ ಹುಡುಗಿ ಇಂದು ತುಟಿ ಬಿಗಿದಿದ್ದಳು.

ಯಜಮಾನ ತೀರಿಕೊಂಡು ಎಂಟು ತಿಂಗಳಾಗಿತ್ತು. ಗಂಡುಮಕ್ಕಳಿಲ್ಲ. ಹೆಣ್ಣು ಇನ್ನೊಂದು ಕುಲಕ್ಕೆ ಹೋಗುವವಳು, ಹಾಗಾಗಿ ಮನೆ, ಹೊಲ ಎರಡೂ ಸತ್ತವನ ತಮ್ಮನಿಗೆ ಎನ್ನುವುದು ಅವರ ಪದ್ಧತಿ. ಆ ತಮ್ಮ ಹೊತ್ಮನ್ ಭಾನುವಾರ ಬಂದು, "ತಿಂಗಳೊಳಗೆ ಮನೆ ಬಿಡದಿದ್ರೆ ತಾಯಿ-ಮಗಳನ್ನ ಒಳಗೇ ಕೂಡಿ ಬೆಂಕಿ ಹಚ್ತೀನಿ" ಎಂದು ಹೇಳಿ ಹೋಗಿದ್ದ. ರೊಸಿಂತಾ ಇನ್ನೂ ಚರ್ಚಿನಿಂದ ಬಂದಿರಲಿಲ್ಲ. ಕೇಳಿಸಿಕೊಂಡವಳು ತಿಯೂರ್ಮಾ ಒಬ್ಬಳೇ. ಮರುದಿನ ಅದೇ ಮಾತು ಫೋನಿಗೂ ಬಂತು. ಕುಲದ ಮಾನ ಹೋದೀತೆಂದು ಅವಳು ಅದನ್ನು ಅಳಿಸಿಬಿಟ್ಟಳು. ಮಗಳಿಗೆ ಇದೆಲ್ಲ ಹೇಳಿದ್ದು ಇಂದು ಬೆಳಿಗ್ಗೆ.

"ಅಳಿಸಿಬಿಟ್ಯಾ ಅಮ್ಮಾ? ನಮ್ಮ ಕೈಲಿದ್ದ ಪುರಾವೆ ಅದೊಂದೇ ಕಣೇ!"

"ಮನೆತನದ ಹೆಸರನ್ನ ಠಾಣೇಲಿ ಬರೆಸೋಕಾಗುತ್ತಾ? ಕೋಪದಲ್ಲಿ ಅಂದ, ಬಿಡು. ನಿನ್ನ ಚಿಕ್ಕಪ್ಪ ತಾನೇ."

"ಚಿಕ್ಕಪ್ಪ ಹಚ್ಚಿದ ಬೆಂಕಿ ಸುಡಲ್ವಾ?"

ಎಷ್ಟು ಮನೆಗಳಲ್ಲಿ ಈ 'ಬಿಡು' ಎಂಬ ಮಾತೇ ಹೆಂಗಸರ ಕೊರಳಿಗೆ ಉರುಳಾಗಿದೆಯೋ!

ರೊಸಿಂತಾ ಪೇಟೆಯ ಕಾನೂನು ನೆರವು ಕಚೇರಿಗೆ ಹೋದಳು. ಅಲ್ಲಿನ ವಕೀಲೆ ಸಮಾಧಾನದಿಂದ ಕೇಳಿ ಹೇಳಿದರು: "ಬೈದು ಉತ್ತರ ಕಳಿಸಬೇಡ. ಒಬ್ಬಳೇ ಅವರನ್ನ ಭೇಟಿಯಾಗಬೇಡ. ನಡೆದದ್ದನ್ನ ದಿನ, ಹೊತ್ತು ಸಮೇತ ಬರೆದಿಡು. ಇನ್ನು ಬರೋ ಸಂದೇಶ ಒಂದನ್ನೂ ಅಳಿಸಬೇಡಿ. ಆಸ್ತಿಯಲ್ಲಿ ನಿಮ್ಮ ಹಕ್ಕಿನ ದಾವೆ ಬೇರೆ, ಹಾಕೋಣ. ಮೊದಲು ಬೆದರಿಕೆ ಬಗ್ಗೆ ಠಾಣೇಲಿ ದೂರು ಕೊಡು. ಆದ್ರೆ ಕಿವಿಯಾರೆ ಕೇಳಿದೋರು ನಿಮ್ಮಮ್ಮ. ಅವರು ಬಾಯಿ ಬಿಡಬೇಕು."

ರೊಸಿಂತಾ ದೂರು ಕೊಟ್ಟ ಸುದ್ದಿ ಸಂಜೆಯೊಳಗೆ ಊರು ತುಂಬಿತು. ಕುಲದ ಹಿರಿಯ ಮಂಗಾರಾ, ಹೊತ್ಮನನ್ನು ಜೊತೆಗೆ ಕರೆದುಕೊಂಡು ಬಂದು ಚಾಪೆಯ ಮೇಲೆ ಕೂತರು.

"ದೂರು ವಾಪಸ್ ತಗೊಳ್ಳಮ್ಮ. ಪದ್ಧತಿಯಂತೆ ಒಂದು ಮೀನು ಬೇಯಿಸಿ ಚಿಕ್ಕಪ್ಪನ ಮುಂದಿಟ್ಟು ತಪ್ಪಾಯ್ತು ಅನ್ನು. ಮುಗೀತು."

"ಬೆದರಿಸಿದ್ದು ಅವರು, ಮೀನು ಬೇಯಿಸೋದು ನಾನಾ ತಾತ?"

ಹೊತ್ಮನ್ ನಕ್ಕ. "ಬಟ್ಟೆ ನೇಯೋಳಿಗೆ ಕಾಯಿದೆ ಬೇರೆ ಕೇಡು! ಅತ್ತಿಗೆ, ನೀವಾದ್ರೂ ಕೇಳಿ. ಠಾಣೇಲಿ ನೀವು ಬಾಯಿ ಬಿಟ್ರೆ ಅಣ್ಣನ ಮೂಳೆ ಕುಲದ ಸಮಾಧಿಗೆ ಸೇರಲ್ಲ. ಈಗ ಹೂತಿರೋ ಆ ಹೊಲದ ಬದುವಲ್ಲೇ ಅನಾಥವಾಗಿ ಬಿದ್ದಿರುತ್ತೆ."

ತಿಯೂರ್ಮಾಳ ಮುಖ ಬಿಳಿಚಿತು. ಮುಂದೊಂದು ದಿನ ಗಂಡನ ಮೂಳೆಗಳನ್ನು ಎತ್ತಿ ಹಿರಿಯರ ಪಕ್ಕದಲ್ಲಿಡುತ್ತಾರೆ, ಆಮೇಲೆ ತನ್ನವನ್ನೂ ಅಲ್ಲೇ ಇಡುತ್ತಾರೆ ಎಂಬ ಒಂದೇ ಆಸೆಯಲ್ಲಿ ಅವಳು ಎಂಟು ತಿಂಗಳು ದೂಡಿದ್ದಳು. ಹೊದಿಕೆಯಿಲ್ಲದ ಭುಜವನ್ನು ಸುಮ್ಮನೆ ಸವರಿಕೊಂಡಳು.

"ಅವರೇ ಉತ್ತ ಹೊಲ ಅದು, ಹೊತ್ಮನ್," ಎಂದಳು ಕೊನೆಗೆ. "ಅಲ್ಲಿ ಅವರು ಅನಾಥರಾಗಲ್ಲ. ನಾನೂ ಪಕ್ಕದಲ್ಲೇ ಮಲಗ್ತೀನಿ." ಆಮೇಲೆ ಮಗಳ ಕಡೆ ತಿರುಗಿದಳು. "ನನ್ನ ಹೊದಿಕೆ ತಗೊಂಡು ಬಾರೇ. ಠಾಣೆ ಮುಚ್ಚಿರಲ್ಲ ಅಲ್ವಾ?"

ಠಾಣೆಯಲ್ಲಿ ಅವಳು ಹೊತ್ಮನ್ ಭಾನುವಾರ ಆಡಿದ ಮಾತನ್ನು ದನಿ ತಗ್ಗಿಸದೆ, ಒಂದಕ್ಷರ ಬಿಡದೆ ಹೇಳಿದಳು. ಬರೆಯುತ್ತಿದ್ದ ಅಧಿಕಾರಿ ಲೇಖನಿ ನಿಲ್ಲಿಸಿದ.

"ಮನೆಯವರೇ ಅಲ್ವಾ ತಾಯಿ... ಕೋಪದ ಭರದಲ್ಲಿ ಅಂದ ಅಂತ ಬರೀಲಾ?"

"ಬೇಡಪ್ಪ. ನಾನು ಬಡಿಸಿದ ಅನ್ನ ಉಂಡ. ಎರಡನೇ ಸಲ ಸಾರು ಹಾಕಿಸ್ಕೊಂಡ. ಕೈ ತೊಳೆದು ಒರೆಸ್ಕೊಂಡ. ಆಮೇಲೆ ಹೇಳಿದ್ದು. ಹಾಗೇ ಬರಿ."