ಎಲೆ ಬಿಡಿಸಿದ ಹಲಗೆ

ಒಂದು ಎಲೆಗೆ ಒಂದು ಹುಳು ತೂತು ಮಾಡಬಹುದು, ಸರಿ. ಗೋಡೆ ತುಂಬ ಇರುವ ಎಲೆಗಳಿಗೆಲ್ಲ ಅದೇ ಜಾಗದಲ್ಲಿ ಅದೇ ತೂತು ಹೇಗೆ ಬಂತು? ಟೈಲ್ಸ್ ಅಂಗಡಿಯ ಕಿರಿ ಸೊಸೆ ಬೆಳಿಗ್ಗೆ ಒಳಗೆ ಬಂದವಳು ಮಾದರಿ ಗೋಡೆಯ ಮುಂದೆ ನಿಂತುಬಿಟ್ಟಳು. ಅಲ್ಲಿ ಹೊಸ ಟೈಲ್ಸ್ ಕೂರಿಸಿದ್ದರು. ಪ್ರತಿಯೊಂದರ ಮೇಲೂ ಅವಳದೇ ಎಲೆ, ಅವಳದೇ ಬಳ್ಳಿ, ಅವಳು ಕುಂಚದ ತುದಿಯಲ್ಲಿ ಎಳೆದ ಅದೇ ಗೆರೆ. ಅಂಗಾಲಿನಲ್ಲಿ ಹತ್ತಿದ ಉರಿ ನೆತ್ತಿಗೇರಿತು.

ಅವಳು ಮಾಡುವ ಕೆಲಸಕ್ಕೆ ಆ ಮನೆಯಲ್ಲಿ ‘ಚೂರು ಅಂಟಿಸೋದು’ ಅನ್ನುತ್ತಿದ್ದರು. ಗೋದಾಮಿನಲ್ಲಿ ಒಡೆದ ಟೈಲ್ಸಿನ ಚೂರಿಗೆ ಬರವೇ? ಅವನ್ನು ಆರಿಸಿ, ಬಟ್ಟೆ ಅಂಟಿಸಿದ ಹಲಗೆಯ ಮೇಲೆ ಜೋಡಿಸುತ್ತಿದ್ದಳು. ಎಲೆಗಳನ್ನು ಕಾಗದದ ನಡುವೆ ಇಟ್ಟು, ಮೇಲೆ ಟೈಲ್ಸಿನ ಪೆಟ್ಟಿಗೆ ಹೇರಿ ಒಣಗಿಸುತ್ತಿದ್ದಳು. ಅಷ್ಟು ಭಾರ ಇನ್ನೆಲ್ಲಿ ಪುಕ್ಕಟೆ ಸಿಕ್ಕೀತು? ಒಣಗಿದ ಎಲೆಯನ್ನು ಚೂರುಗಳ ನಡುವೆ ಅಂಟಿಸಿ, ಅದರ ನರ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಬಣ್ಣದ ಗೆರೆ ಎಳೆದು, ಪಕ್ಕದ ಚೂರಿನಲ್ಲಿದ್ದ ಹೂವಿನ ನಕ್ಷೆಗೆ ಕೂಡಿಸುವಳು. ಎಲೆ ಎಲ್ಲಿ ಮುಗಿಯಿತು, ಟೈಲ್ಸ್ ಎಲ್ಲಿ ಶುರುವಾಯಿತು ಅನ್ನುವುದು ಬೆರಳಾಡಿಸಿದರೇ ಗೊತ್ತಾಗಬೇಕು. ಹಿಂದಿನ ಹಲಗೆಗಳನ್ನೆಲ್ಲ ಮನಸ್ಸಿಗೆ ಬಾರದೆ ಅವಳೇ ಕಿತ್ತೆಸೆದಿದ್ದಳು. ಇದೊಂದು ಕೈಗೂಡಿತ್ತು. ಊರಿನ ಕಲಾ ಪ್ರದರ್ಶನದವರು ಅದನ್ನು ಒಪ್ಪಿಯೂ ಆಗಿತ್ತು. ಚೌಕಟ್ಟು ಹಾಕಿಸಿಕೊಂಡು ಬರುತ್ತೇನೆಂದು ಗಂಡ ತಾನಾಗಿಯೇ ಕೇಳಿ ತೆಗೆದುಕೊಂಡು ಹೋಗಿದ್ದ. ಎಷ್ಟು ಹಿಗ್ಗಿದ್ದಳು ಆವತ್ತು, ಪೆದ್ದಿ.

ಗಂಡನ ಅಣ್ಣ, ಅಂಗಡಿಯ ಯಜಮಾನ, ಗಲ್ಲಾ ಬಿಟ್ಟು ಎದ್ದು ಬಂದರು. ಭಾವನ ಮುಖದಲ್ಲಿ ಅಳುಕು ಅನ್ನುವುದು ಹುಡುಕಿದರೂ ಇಲ್ಲ. ಫ್ಯಾಕ್ಟರಿಯಲ್ಲಿ ಪ್ರಿಂಟ್ ಹಾಕಿಸಿದ್ದೇನೆ, ಕಟ್ಟಡ ಕಟ್ಟಿಸುವ ದೊಡ್ಡ ಕುಳವೊಂದು ಮಧ್ಯಾಹ್ನ ನೋಡಲು ಬರುತ್ತದೆ, ನಿನ್ನ ಅದೃಷ್ಟ ಖುಲಾಯಿಸಿತು ಎಂದರು. ಸಣ್ಣದೊಂದು ತೊಡಕಿದೆಯಂತೆ ಅಷ್ಟೆ.

ಸಣ್ಣದೇ? ಗೋಡೆಯಷ್ಟು ಅಗಲವಿತ್ತು ಆ ತೊಡಕು. ಒಂದು ಟೈಲ್ಸಿನ ಬಳ್ಳಿ ಪಕ್ಕದ ಟೈಲ್ಸಿನ ಬಳ್ಳಿಗೆ ಕೂಡುತ್ತಲೇ ಇರಲಿಲ್ಲ. ದಂಟುಗಳೆಲ್ಲ ಅಂಚಿಗೆ ಬಂದು ಕತ್ತರಿಸಿದ ಹಾಗೆ ನಿಂತಿದ್ದವು. ಒಂದೇ ಒಂದಾಗಿ ಇರಲೆಂದು ಮಾಡಿದ ಚಿತ್ರಕ್ಕೆ ಅಂಚು ಕೂಡುವ ಹಂಗೇಕೆ? ಹೂವಿಗೆ ಹೂವು ಕೂಡಲಿಲ್ಲವೆಂದು ಗಾರೆಯವರ ಜನ್ಮ ಜಾಲಾಡುವ ಭಾವನಿಗೆ, ಆಸೆಯ ಭರದಲ್ಲಿ ಇಷ್ಟು ಹೊಳೆದಿರಲಿಲ್ಲ. ಪೆಟ್ಟಿಗೆ ಪೆಟ್ಟಿಗೆ ಮಾಲು ಬಂದಿಳಿದ ಮೇಲೆ ಕಣ್ಣು ಬಿಟ್ಟಿದ್ದರು.

“ನೀನು ಬರೀ ಅಂಚು ಕೂಡಿಸಿ ಬರ್ಕೊಡಮ್ಮ. ಮುಂದಿನ ಸಲ ಸರಿಯಾಗಿ ಹಾಕಿಸ್ತೀನಿ. ನಿಂಗೇನು, ನಾಲ್ಕು ಗೆರೆ ಎಳೆಯೋ ಕೆಲ್ಸ.”

“ನನ್ನ ಹಲಗೆ ಎಲ್ಲಿ, ಭಾವ?”

ಗೋದಾಮಿನಲ್ಲಿದೆ ಎಂದರು, ಹಳೇ ಕೊಡೆ ಎಲ್ಲಿದೆ ಎಂದು ಕೇಳಿದವರಿಗೆ ಹೇಳುವ ಹಾಗೆ.

ಪೆಟ್ಟಿಗೆಗಳ ಹಿಂದೆ, ನೆಲದ ಮೇಲೆ, ಗೋಡೆಗೆ ಒರಗಿಸಿದ್ದರು. ಚೌಕಟ್ಟಿಲ್ಲ. ಎಲೆಗಳೂ ಇಲ್ಲ. ಎಲೆಯಿದ್ದ ಕಡೆಯೆಲ್ಲ ಅಂಟಿನ ಕಲೆ, ಕಿತ್ತುಬಂದ ಬಟ್ಟೆಯ ನೂಲು. ಅವಳ ಬಣ್ಣದ ಗೆರೆಗಳು ತಬ್ಬಲಿಗಳಾಗಿ ನಡುವಿನಿಂದಲೇ ಶುರುವಾಗುತ್ತಿದ್ದವು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಎಲೆಯ ಪುಡಿ. ದಂಟುಗಳು ಎದ್ದು ನಿಂತು ಹಲಗೆ ಸ್ಕ್ಯಾನರಿನ ಗಾಜಿನ ಮೇಲೆ ಸಮನಾಗಿ ಕೂರಲಿಲ್ಲವಂತೆ; ಅದಕ್ಕೆ ಎಲೆಗಳನ್ನು ಬಿಡಿಸಿ, ಬೇರೆಯಾಗಿ ಸ್ಕ್ಯಾನ್ ಮಾಡಿ, ಆಮೇಲೆ ಚಿತ್ರದಲ್ಲಿ ಕೂಡಿಸಿದರಂತೆ. ಬಾಗಿಲಲ್ಲೇ ಮರ ಇದೆಯಲ್ಲ, ಎಷ್ಟು ಬೇಕೋ ಕಿತ್ತುಕೋ ಎಂದು ಹಿಂದೆಯೇ ಬಂದ ಭಾವ ಔದಾರ್ಯ ಬೇರೆ ತೋರಿಸಿದರು.

ಅವಳು ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೆಲವು ಕಡೆ ಎಲೆ ಬಿಡಿಸಿದ ಅಂಚು ಬಲು ನಾಜೂಕಾಗಿತ್ತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಇದು ಸ್ಕ್ಯಾನರಿನವನ ಕೈಯಲ್ಲ, ಭಾವನದಂತೂ ಅಲ್ಲವೇ ಅಲ್ಲ. ಅಂಟು ಎಲ್ಲಿ ಹಾಕಿದೆ, ಎಲ್ಲಿ ಹಾಕಿಲ್ಲ ಎಂದು ತಿಳಿದವರ ಕೈ. ಅವಳು ಅಂಟಿಸುವಾಗ ಎಷ್ಟೋ ಸಂಜೆ ಪಕ್ಕದಲ್ಲಿ ಕೂತು ನೋಡುತ್ತಿದ್ದವನು ಒಬ್ಬನೇ. ತಿರುಗಿ, ಗೋದಾಮಿನ ಬಾಗಿಲಲ್ಲಿ ಬಂದು ನಿಂತಿದ್ದ ಗಂಡನ ಮುಖ ನೋಡಿದಳು.

“ನಾನೇ ಬಿಡಿಸ್ದೆ,” ಎಂದ ಅವನು, ನೆಲಕ್ಕೆ ಹೇಳುವವನ ಹಾಗೆ. “ಅಣ್ಣನ ಕೈ ಒರಟು, ಹಾಳು ಮಾಡ್ಬಿಡ್ತಾನೆ ಅಂತ. ಆಮೇಲೆ ಮತ್ತೆ ಅಂಟಿಸ್ಬಹುದು ಅಂದ್ಕೊಂಡೆ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಭಾವನ ಮೇಲೆ ಬಂದ ಸಿಟ್ಟು ಸಿಟ್ಟೇ ಅಲ್ಲ ಅನ್ನಿಸಿತು ಈಗ.

“ನಿಮ್ಮಣ್ಣಂಗೆ ಅದು ಏನು ಅಂತ ಗೊತ್ತಿರ್ಲಿಲ್ಲ,” ಎಂದಳು. “ನಿಮಗೆ ಗೊತ್ತಿತ್ತು.”

ಗದ್ದಲ ಕೇಳಿ ಮಹಡಿಯಿಂದ ಇಳಿದು ಬಂದ ಓರಗಿತ್ತಿ ಬುದ್ಧಿ ಹೇಳಿದಳು: ಮನೆ ಅಂದ ಮೇಲೆ ನನ್ನದು ನಿನ್ನದು ಅನ್ನಬಾರದು, ಹೊಂದಿಕೊಂಡು ಹೋಗಬೇಕು. ತನ್ನ ಬಾಚಣಿಗೆಯನ್ನು ಇನ್ನೊಬ್ಬರು ಮುಟ್ಟಿದರೆ ಮನೆ ಮೇಲೆ ಕೆಳಗೆ ಮಾಡುವ ಮಹಾರಾಯಿತಿ! ಕಿರಿಯವಳು ಎದ್ದಳು. ಸುತ್ತಿಗೆ ತಂದಳು. ಮಾದರಿ ಗೋಡೆಯ ಪಕ್ಕದಲ್ಲೇ ಮೊಳೆ ಹೊಡೆದು, ಬೋಳು ಹಲಗೆಯನ್ನು ನೇತುಹಾಕಿ, ಅದರ ಕೆಳಗೆ ಸ್ಟೂಲು ಎಳೆದುಕೊಂಡು ಕೂತಳು. ತೆಗಿ ಅದನ್ನ ಎಂದು ಭಾವ ಗದರಿದರು, ಆಮೇಲೆ ಪುಸಲಾಯಿಸಿದರು, ಕೊನೆಗೆ ಅಂಚಿನ ಮಾತಿಗೇ ಬಂದರು.

“ಅಂಚು ಕೂಡ್ಸೋದು ನಂಗೆ ಬರುತ್ತೆ, ಭಾವ. ಕೂಡ್ಸಲ್ಲ.”

ಮಧ್ಯಾಹ್ನ ದೊಡ್ಡ ಕುಳ ಬಂತು. ಮನುಷ್ಯ ಮಾತು ಕಡಿಮೆ. ಹೊಸ ಟೈಲ್ಸಿನ ಮೇಲೆ ಬೆರಳಾಡಿಸಿ, ಬಳ್ಳಿ ತುಂಡಾದ ಕಡೆ ನಿಲ್ಲಿಸಿ, ಹುಬ್ಬು ಗಂಟಿಕ್ಕಿದ. ಅಲ್ಲಿಂದ ಕಣ್ಣು ಪಕ್ಕಕ್ಕೆ ಸರಿಯಿತು. ಇದೇನು ಎಂದು ಕೇಳಿದ. ಹಳೇ ಸಾಮಾನು ಸರ್, ಬಿಸಾಕೋದು ಎಂದು ಭಾವ ನಕ್ಕರು.

ಅವಳು ಎದ್ದು ನಿಂತಳು. ಹಲಗೆಯ ಕಡೆ ಕೈ ತೋರಿಸಿದಳು.

“ಬಿಸಾಕೋದಲ್ಲ ಸರ್. ಆ ಗೋಡೆ ಮೇಲಿರೋದೆಲ್ಲ ಇದರಿಂದ ತೆಗೆದಿದ್ದು. ಮಾಡಿದ್ದು ನಾನು. ಎಲೆಗಳು ಏನಾದ್ವು ಅಂತ ನಮ್ಮೆಜಮಾನ್ರು ಹೇಳ್ತಾರೆ.”

 ಗಲ್ಲಾದ ಪಕ್ಕ ನಿಂತಿದ್ದ ಗಂಡ ಬಾಯಿ ತೆರೆದ. ಹುಟ್ಟಿದಾಗಿನ ಅಭ್ಯಾಸವೋ ಏನೋ, ಮೊದಲು ಅಣ್ಣನ ಮುಖ ನೋಡಿದ.

“ಅವ್ರ ಮುಖ ಆಮೇಲೆ ನೋಡಿ,” ಎಂದಳು ಅವಳು. “ಮೊದ್ಲು ಹೇಳಿ.”